ಮಣ್ಣಿನ ವಾಸನೆ ಹೊಡೆದರೆ ರೇನ್‌ಕೋಟ್ ಖರ್ಚಾಗುತ್ತದೆಯೇ?

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದೊಂದು ರೇನ್‌ಕೋಟ್ ಹೊಲಿಯುವ ಸಣ್ಣ ಘಟಕ ಇದೆ. ಇಷ್ಟು ವರ್ಷ ಬೇರೆಯವರ ಹೆಸರಿಗೆ ಹೊಲಿದು ಕೊಡುತ್ತಿದ್ದೆವು. ಈ ಮಳೆಗಾಲಕ್ಕೆ ಸ್ವಂತ ಹೆಸರಲ್ಲಿ 4,000 ಸೆಟ್ ಬಿಡುತ್ತಿದ್ದೇವೆ. ತೀರ್ಥಹಳ್ಳಿ, ಸಾಗರ, ಕೊಪ್ಪ, ಉಡುಪಿ ಕಡೆಯ ಅಂಗಡಿಗಳಿಗೆ ಮಾಲು ಹೋಗುತ್ತದೆ. ಪ್ರಚಾರಕ್ಕೆ 5 ಲಕ್ಷ ತೆಗೆದಿಟ್ಟಿದ್ದೇವೆ. ಬೆಂಗಳೂರಿನ ಏಜೆನ್ಸಿಯೊಂದು ‘ನಮ್ಮ ಸಂಸ್ಕೃತಿ, ಐದೂ ಇಂದ್ರಿಯ’ ಎಂಬ ಯೋಜನೆ ಕೊಟ್ಟಿದೆ. ಪ್ಯಾಕಿಂಗ್‌ಗೆ ಮೊದಲ ಮಳೆಯ ಮಣ್ಣಿನ ವಾಸನೆಯ ಸ್ಪ್ರೇ, ಬಸ್‌ಸ್ಟ್ಯಾಂಡ್‌ನಲ್ಲಿ ಮಳೆ ಮತ್ತು ಚೆಂಡೆ ಸದ್ದಿನ ಸ್ಪೀಕರ್, ಆಟಿ ಕಳೆಂಜನ ವೇಷದವರಿಗೆ ನಮ್ಮ ಕೋಟು ಹಾಕಿಸಿ ಕಷಾಯ ಹಂಚುವುದು, ಜೊತೆಗೆ ಕರಾವಳಿಯ ಕೊರಗ ಸಮುದಾಯದ ಡೋಲು, ಕೋಟಿನ ಬೆನ್ನ ಮೇಲೆ ನೆನೆದಾಗ ಮಾತ್ರ ಕಾಣುವ ಹಸೆ ಚಿತ್ತಾರ. ಅಪ್ಪಯ್ಯ ಮಾತ್ರ, ‘ಆ ದುಡ್ಡಲ್ಲಿ ಹೊಲಿಗೆಗೆ ಟೇಪ್ ಹಾಕ್ಸು, ಸಾಕು’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ದುಡ್ಡು ನೀರುಪಾಲಾದೀತೇ ಎಂಬುದು ಒಂದು. ಜನರ ಆಚರಣೆಗಳನ್ನು ಮುಟ್ಟಿ ಎಡವಟ್ಟಾದೀತೇ ಎಂಬುದು ಇನ್ನೊಂದು. ಎರಡನ್ನೂ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಈ ವಾಸನೆ, ಈ ಸದ್ದು, ಈ ಚಿತ್ರ ನಿಮ್ಮ ಕೋಟಿನ ಬಗ್ಗೆ ಏನನ್ನು ಸಾಬೀತು ಮಾಡುತ್ತದೆ? ಮಲೆನಾಡಿನ ಗಿರಾಕಿಗೆ ಮಳೆಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿಯವರು ಅಂಗಡಿಗೆ ಬಂದು ಕೇಳುವುದು, ‘ಇದು ಸೋರ್ತದಾ?’ ಎಂಬ ಒಂದೇ ಮಾತು. ಅದಕ್ಕೆ ಕಣ್ಣಿಗೆ, ಕೈಗೆ ಉತ್ತರ ಸಿಗುವಂತೆ ಮಾಡಿದರೆ ಅದು ಪ್ರಚಾರ. ಉಳಿದದ್ದು ಅಲಂಕಾರ.

ಐದೂ ಇಂದ್ರಿಯಗಳನ್ನು ತಟ್ಟಲೇಬೇಕು ಎಂಬುದು ತಪ್ಪು ತಿಳಿವಳಿಕೆ. ವಾಸನೆಯಿಂದ ವ್ಯಾಪಾರ ಇಷ್ಟು ಶೇಕಡಾ ಏರುತ್ತದೆ ಎಂದು ಏಜೆನ್ಸಿಯವರು ತೋರಿಸುವ ಅಂಕಿಗಳು ಯಾವುದೋ ಊರಿನ ಯಾವುದೋ ಅಂಗಡಿಯವು, ಅವನ್ನು ಕೊಪ್ಪಕ್ಕೆ ತಂದು ಅಂಟಿಸಲಾಗದು. ಆದರೆ ವಾಸನೆ ನೆನಪನ್ನು ಹಿಡಿದಿಡುತ್ತದೆ ಎಂಬುದು ನಿಜ. ಆರಾಧನಾ ಕೃಷ್ಣ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಮಳ ಹಾಕಿದ ಪೆನ್ಸಿಲ್ ಪಡೆದವರು ಎರಡು ವಾರ ಕಳೆದ ಮೇಲೂ ಅದರ ವಿವರಗಳನ್ನು ಹೆಚ್ಚು ನೆನಪಿಟ್ಟಿದ್ದರು. ಪರಿಮಳ ಇದ್ದದ್ದು ಪೆನ್ಸಿಲ್‌ನಲ್ಲೇ. ವಸ್ತುವಿಗೆ ಅಂಟಿಕೊಂಡ ವಾಸನೆ ಆ ವಸ್ತುವಿನ ಗುಣವಾಗಿಯೇ ನೆನಪಲ್ಲಿ ಉಳಿಯುತ್ತದೆ. ನಿಮ್ಮ ಯೋಜನೆಗೆ ತೊಡಕಾಗುವುದೂ ಇದೇ.

ಮೊದಲ ಮಳೆಯ ವಾಸನೆಗೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟವರು ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್, 1964ರಲ್ಲಿ. ಆ ವಾಸನೆಯ ಮುಖ್ಯ ಅಂಶ ಜಿಯೋಸ್ಮಿನ್, ಮಣ್ಣಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ರಾಸಾಯನಿಕ. ಮನುಷ್ಯನ ಮೂಗು ಇದನ್ನು ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಹಿಡಿಯುತ್ತದೆ. ಬೀಟ್‌ರೂಟಿನ ಮಣ್ಣುವಾಸನೆಗೂ, ಕೆರೆ ನೀರಿಗೆ ಬರುವ ಮುಗ್ಗಲು ವಾಸನೆಗೂ ಇದೇ ಕಾರಣ. ಒಣಗಿದ ನೆಲದ ಮೇಲೆ ಏಪ್ರಿಲ್‌ನಲ್ಲಿ ಬಂದರೆ ಜೀವ ಹಿಗ್ಗಿಸುವ ಅದೇ ವಾಸನೆ, ಜುಲೈಯಲ್ಲಿ ಮಡಚಿಟ್ಟ ಬಟ್ಟೆಯಿಂದ ಬಂದರೆ ‘ಕೋಟು ಮುಗ್ಗಲು ಹಿಡಿದಿದೆ’ ಎನ್ನಿಸುತ್ತದೆ. ಹೊಸ ಕೋಟಿನ ಪ್ಯಾಕೆಟ್ ಬಿಚ್ಚಿದ ಗಿರಾಕಿ ಹಳೇ ಸ್ಟಾಕ್ ಎಂದುಕೊಂಡು ವಾಪಸು ಕೊಟ್ಟಾನು. ಅದೂ ಅಲ್ಲದೆ, ಸುಗಂಧದ ಎಣ್ಣೆ ಮತ್ತು ದ್ರಾವಕಗಳು ಬಟ್ಟೆಗೆ ಹಾಕಿದ ಪಿವಿಸಿ, ಪಿಯು ಎಂಬ ಪ್ಲಾಸ್ಟಿಕ್ ಲೇಪನವನ್ನು ಮೆತ್ತಗಾಗಿಸಬಹುದು, ಟೇಪಿನ ಅಂಟು ಬಿಡಿಸಬಹುದು. ಪ್ಯಾಕಿಂಗ್ ಸ್ಪ್ರೇ ಬೇಡವೇ ಬೇಡ.

ಮೂಗಿನ ವಿಷಯದಲ್ಲಿ ನೀವು ನಿಜಕ್ಕೂ ಮಾಡಬೇಕಾದ ಕೆಲಸ ಬೇರೆ ಇದೆ. ಹೊಸ ರೇನ್‌ಕೋಟಿನ ಪ್ಲಾಸ್ಟಿಕ್ ಕಮಟು ತೆಗೆಯಿರಿ. ಹೊಲಿಗೆ ಮುಗಿದ ಕೂಡಲೇ ಮಡಚಿ ಚೀಲಕ್ಕೆ ತುರುಕಬೇಡಿ. ಗಾಳಿಯಾಡುವ ಜಾಗದಲ್ಲಿ ಎರಡು ದಿನ ಹ್ಯಾಂಗರಿಗೆ ಹಾಕಿಡಿ, ಆಮೇಲೆ 5 ಗ್ರಾಮಿನ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಪ್ಯಾಕ್ ಮಾಡಿ. ಪ್ಯಾಕೆಟ್ ಬಿಚ್ಚಿದಾಗ ಯಾವ ವಾಸನೆಯೂ ಬಾರದಿದ್ದರೆ ನಿಮ್ಮ ಕೋಟಿಗೆ ಅದಕ್ಕಿಂತ ಒಳ್ಳೆಯ ಪರಿಮಳ ಇಲ್ಲ.

ಮಣ್ಣಿನ ವಾಸನೆ ಬೇಕೇ ಬೇಕೆಂದರೆ ಅದನ್ನು ಅಂಗಡಿ ಬಾಗಿಲಲ್ಲಿ ಇಡಿ, ಮೇ ತಿಂಗಳಲ್ಲಿ ಮಾತ್ರ. ಕನೌಜಿನಲ್ಲಿ ಸುಟ್ಟ ಜೇಡಿಮಣ್ಣನ್ನು ಬಟ್ಟಿ ಇಳಿಸಿ, ಆ ಆವಿಯನ್ನು ಗಂಧದೆಣ್ಣೆಗೆ ಹಿಡಿಸಿ ಮಿಟ್ಟಿ ಅತ್ತರ್ ಮಾಡುತ್ತಾರೆ. ಅಷ್ಟು ಖರ್ಚು ನಿಮಗೆ ಬೇಕಿಲ್ಲ. ಕುಂಬಾರರ ಹತ್ತಿರ ಮೆರುಗು ಹಾಕದ ಹೊಸ ಮಡಕೆ ಚೂರು ಕೇಳಿ ತನ್ನಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮುಚ್ಚಳದ ಡಬ್ಬಿಗಳಲ್ಲಿ ತುಂಬಿಡಿ. ಒಂದು ತಟ್ಟೆಯಲ್ಲಿ ಹರಡಿ, ಬಟ್ಟೆ ಇಸ್ತ್ರಿಗೆ ಬಳಸುವಂಥ ಸ್ಪ್ರೇ ಬಾಟಲಿಯಿಂದ ತೆಳ್ಳಗೆ ನೀರು ಚಿಮುಕಿಸಿ. ಸುರಿಯಬೇಡಿ. ಹನಿ ಒಣ, ರಂಧ್ರವುಳ್ಳ ಮೇಲ್ಮೈಗೆ ಬಿದ್ದಾಗ ಅದರಡಿ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಮೇಲೆದ್ದು ಒಡೆಯುತ್ತದೆ, ವಾಸನೆಯನ್ನು ಹೊತ್ತು ತರುವುದು ಆ ಗುಳ್ಳೆಯೇ. ಅಮೆರಿಕದ ಎಂಐಟಿಯವರು 2015ರಲ್ಲಿ ವೇಗದ ಕ್ಯಾಮೆರಾದಲ್ಲಿ ಇದನ್ನು ಸೆರೆಹಿಡಿದರು. ಸಣ್ಣ ಮಳೆಗೆ ಇದು ಹೆಚ್ಚು, ಜಡಿಮಳೆಗೆ ಕಡಿಮೆ. ಒಮ್ಮೆ ನೆನೆದ ಚೂರು ಮತ್ತೆ ಪೂರ್ತಿ ಒಣಗುವ ತನಕ ವಾಸನೆ ಕೊಡದು. ಹಾಗಾಗಿ ದಿನಕ್ಕೆ ಹತ್ತು–ಹನ್ನೆರಡು ತಟ್ಟೆಗಾಗುವಷ್ಟು ಚೂರು ಸಿದ್ಧವಿರಲಿ. ಗದ್ದೆಯ ಹಸಿ ಮಣ್ಣನ್ನು ಮಾತ್ರ ತರಬೇಡಿ. ಕರಾವಳಿ, ಮಲೆನಾಡಿನ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಕಾಯಿಲೆಯ ಬ್ಯಾಕ್ಟೀರಿಯಾ ಇರಬಹುದು, ಅದರ ತುಂತುರನ್ನು ಗಿರಾಕಿಯ ಮೂಗಿನ ಹತ್ತಿರ ಎಬ್ಬಿಸುವುದು ಸರಿಯಲ್ಲ. ಮುಚ್ಚಿದ ಬಸ್ ತಂಗುದಾಣದಲ್ಲೂ ವಾಸನೆಯ ಆಟ ಬೇಡ. 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಸ್ ತಂಗುದಾಣಗಳಲ್ಲಿ ಹಾಲಿನ ಪ್ರಚಾರಕ್ಕೆಂದು ಬಿಸ್ಕತ್ತಿನ ಪರಿಮಳದ ಪಟ್ಟಿ ಅಂಟಿಸಿದ್ದರು. ಅಲರ್ಜಿಯ ದೂರು ಬಂದು ಕೂಡಲೇ ಕಿತ್ತು ತೆಗೆಯಬೇಕಾಯಿತು.

ಸ್ಪೀಕರ್ ವಿಷಯ ಚಿಕ್ಕದು. ಧ್ವನಿಮುದ್ರಿತ ಮಳೆ ಸಣ್ಣ ಸ್ಪೀಕರಿನಲ್ಲಿ ಬಾಣಲೆಯ ಎಣ್ಣೆ ಸಿಡಿದ ಹಾಗೆ ಕೇಳುತ್ತದೆ. ಹೊರಗೆ ನಿಜವಾದ ಮಳೆ ಹೊಯ್ಯುತ್ತಿರುವ ಊರಲ್ಲಿ ಅದಕ್ಕೆ ಅರ್ಥವೂ ಇಲ್ಲ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಹಗಲಿನ ಮಿತಿ 65 ಡೆಸಿಬಲ್, ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಚೆಂಡೆಯ ಲೆಕ್ಕವಂತೂ ಕಾಲಕ್ಕೇ ಹೊಂದುವುದಿಲ್ಲ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆ ಎಂಬ ತುಳುನಾಡಿನ ದಿನಕ್ಕೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ತಿರುಗಾಟ ಮುಗಿಯುತ್ತದೆ. ಉಡುಪಿ ಕಡೆಯವರ ಕಿವಿಗೆ ಚೆಂಡೆ ಎಂದರೆ ಚಳಿ–ಬೇಸಗೆಯ ರಾತ್ರಿ. ರೇಡಿಯೋ ಜಾಹೀರಾತು ಕೊಡುವುದಾದರೆ 20 ಸೆಕೆಂಡು ಸಾಕು: ಹೆಂಚಿನ ಅಂಚಿಂದ ಬಿಂದಿಗೆಗೆ ತೊಟ್ಟಿಕ್ಕುವ ಬಿಡಿ ಹನಿ, ಕಪ್ಪೆಯ ವಟಗುಟ್ಟು, ಆಮೇಲೆ ಜಿಪ್ ಎಳೆದ ಸದ್ದು, ನಿಮ್ಮ ಹೆಸರು. ಬಿಡಿ ಹನಿಯನ್ನು ಕಿವಿ ಗುರುತಿಸುತ್ತದೆ, ಧೋ ಎನ್ನುವ ಮಳೆಯನ್ನು ಗುರುತಿಸುವುದಿಲ್ಲ.

ಇನ್ನು ಆಟಿ ಕಳೆಂಜ. ಇಲ್ಲಿ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಓಲೆಕೊಡೆ ಹಿಡಿದು ಮಳೆಯಲ್ಲಿ ಬರುವವನು ಎಂಬುದಷ್ಟೇ ಏಜೆನ್ಸಿಯವರ ಕಣ್ಣಿಗೆ ಬಿದ್ದಂತಿದೆ. ತುಳುನಾಡಿನ ಮನೆಯವರಿಗೆ ಅವನು ಆಟಿ ಎಂಬ ಮಳೆಗಾಲದ ತುಳು ತಿಂಗಳ ಕಷ್ಟದ ದಿನಗಳಲ್ಲಿ ಊರಿಗೆ ಅಂಟಿದ ಮಾರಿಯನ್ನು ಕಳೆಯಲು ಬರುವವನು. ಅಂಗಳದಲ್ಲಿ ಕುಣಿದು, ಅಕ್ಕಿ–ಕಾಯಿ ಪಡೆದು ಹೋಗುವವನು. ನಲಿಕೆ ಸಮುದಾಯದವರು ನಡೆಸಿಕೊಂಡು ಬಂದ ಕರ್ತವ್ಯ ಅದು. ಆ ಕೊಡೆಯನ್ನು ಕೆಳಗಿಡಿಸಿ ಪ್ಲಾಸ್ಟಿಕ್ ಕೋಟು ತೊಡಿಸಿದರೆ, ‘ಅವನ ಕೊಡೆ ಸಾಲದು’ ಎಂದು ನೀವು ಹೇಳಿದಂತಾಗುತ್ತದೆ. ಇನ್ನು ಸಾಗರ, ಕೊಪ್ಪದ ಗಿರಾಕಿಗೆ ಆಟಿಯ ನಂಟೇ ಕಡಿಮೆ. ಡೋಲು ಇದಕ್ಕಿಂತ ಸೂಕ್ಷ್ಮ. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಆಚರಣೆಗಳನ್ನು ತಡೆಯಲೆಂದೇ 2000ದಲ್ಲಿ ಅಜಲು ಪದ್ಧತಿ ನಿಷೇಧ ಕಾಯ್ದೆ ಬಂತು. ತಮ್ಮ ಸಂಭ್ರಮಕ್ಕೆ, ತಮ್ಮ ಹೆಮ್ಮೆಗೆ ಅವರು ಡೋಲು ಬಾರಿಸುವುದು ಒಂದು. ಯಾರದೋ ಸರಕಿನ ಮುಂದೆ ಬಾರಿಸಿ ಎಂದು ಕರೆಯುವುದು ಇನ್ನೊಂದು. ಬೇರೆಯವರಿಗೆ ಕೊರಗರ ವೇಷ ಹಾಕಿಸುವ ಯೋಚನೆ ಇದ್ದರೆ ಅದನ್ನು ಈಗಲೇ ಬಿಡಿ, ಅದು ಪೊಲೀಸ್ ದೂರಿನವರೆಗೂ ಹೋಗುವ ವಿಷಯ. ದೈವದ ಮುಖವರ್ಣಿಕೆ, ಬೆನ್ನಿಗೆ ಕಟ್ಟುವ ಅಣಿ, ಕಾಲಿನ ಗಗ್ಗರದ ಚಿತ್ರಗಳಿಗೂ ಇದೇ ಮಾತು.

ಕಷಾಯ ಎಂದಿರಲ್ಲ, ಆಟಿ ಅಮಾವಾಸ್ಯೆಯಂದು ಕುಡಿಯುವ ಪಾಲೆ ಮರದ ಕೆತ್ತೆಯ ಕಷಾಯವೇ ಯೋಜನೆಯಲ್ಲಿದ್ದರೆ ಅಡ್ಡಗೆರೆ ಎಳೆದು ತೆಗೆದುಬಿಡಿ. ಮರ ಗುರುತಿಸಲು ತಪ್ಪಿ ಕಾಸರಕನ ತೊಗಟೆ ಸೇರಿದರೆ ಅದು ವಿಷ. ಜೀರಿಗೆ–ಕೊತ್ತಂಬರಿ ಕಷಾಯ ಕೊಡಬಹುದು. ಸ್ಥಳೀಯ ಹೋಟೆಲಿನವರಿಂದಲೇ ಮಾಡಿಸಿ, ಆಹಾರ ಪರವಾನಗಿ ಅವರದ್ದಿರುತ್ತದೆ. ಹಲಸಿನ ಹಪ್ಪಳ ಕರಿಯುವ ಆಸೆ ಇದ್ದರೆ ಅಂಗಡಿಯಿಂದ ದೂರ ಕರಿಯಿರಿ, ಎಣ್ಣೆಯ ಹೊಗೆ ನೇತುಹಾಕಿದ ಕೋಟುಗಳಿಗೆ ಹತ್ತಿದರೆ ಹೋಗುವುದಿಲ್ಲ.

ಹಾಗಾದರೆ ಸಂಸ್ಕೃತಿಯಿಂದ ಏನನ್ನೂ ತೆಗೆದುಕೊಳ್ಳಬಾರದೇ? ತೆಗೆದುಕೊಳ್ಳಿ, ಮಳೆಗೆ ತಡೆಯೊಡ್ಡಿದ ವಸ್ತುಗಳನ್ನೇ ತೆಗೆದುಕೊಳ್ಳಿ. ಗೊರಬು, ಕಂಬಳಿ ಕೊಪ್ಪೆ, ಹಾಳೆಟೋಪಿ. ಇವು ನಮ್ಮ ರೇನ್‌ಕೋಟುಗಳು. ಇವನ್ನು ಹತ್ತಿರದಿಂದ ನೋಡಿ. ಗೊರಬು ಬಿದಿರ ಚೌಕಟ್ಟಿನೊಳಗೆ ಎಲೆ ಪದರ ಕೂರಿಸಿ ಹೆಣೆದದ್ದು, ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮುಚ್ಚುತ್ತದೆ. ನಾಟಿಗೆ ಬಗ್ಗಿದವರ ಬೆನ್ನಿಗೇ ಮಳೆ ಬೀಳುವುದು, ಅಲ್ಲಿ ಒಂದೇ ಒಂದು ಹೊಲಿಗೆ ಇಲ್ಲ. ಮುಂಭಾಗ ಪೂರ್ತಿ ತೆರೆದಿರುತ್ತದೆ, ಕೈ ಆಡುತ್ತದೆ, ಗಾಳಿ ಓಡುತ್ತದೆ, ಬೆವರು ನಿಲ್ಲುವುದಿಲ್ಲ. ಕಂಬಳಿಯ ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವ ಹೀರಿದರೂ ಮೈಗೆ ಒದ್ದೆ ಎನ್ನಿಸುವುದಿಲ್ಲ, ಹೀರುವಾಗ ಸ್ವಲ್ಪ ಬಿಸಿಯನ್ನೂ ಬಿಡುತ್ತದೆ. ಸಂಜೆ ಬಚ್ಚಲೊಲೆಯ ಮೇಲೆ ಹರವಿದರೆ ಬೆಳಿಗ್ಗೆಗೆ ಮತ್ತೆ ಸಿದ್ಧ. ಮಲೆನಾಡಿನವರಿಗೆ ಮಳೆಗಾಲದ ವಾಸನೆ ಯಾವುದು ಎಂದು ಕೇಳಿ ನೋಡಿ, ಹೆಚ್ಚಿನವರು ಹೇಳುವುದು ಆ ಹೊಗೆ ಹಿಡಿದ ಕಂಬಳಿಯನ್ನೇ.

ಅಂಗಡಿಯಲ್ಲಿ ಒಂದು ಗೊರಬನ್ನು ನಿಮ್ಮ ಕೋಟಿನ ಪಕ್ಕ ತೂಗುಹಾಕಿ, ಜನ ಮುಟ್ಟಲಿ, ಹೊತ್ತು ನೋಡಲಿ. ಹೆಣೆದವರಿಗೆ ಕೇಳಿದ ಬೆಲೆ ಕೊಡಿ, ಅವರು ಒಪ್ಪಿದರೆ ಹೆಸರು–ಊರು ಬರೆದ ಚೀಟಿ ಅದಕ್ಕೆ ಕಟ್ಟಿ. ಹತ್ತು ಅಂಗಡಿಗೆ ಹತ್ತು ಗೊರಬು ಬೇಕಾದರೆ ಈಗಲೇ ಹೇಳಿಡಿ. ಹೆಣೆಯುವವರು ಕಡಿಮೆ, ಮೇ ತಿಂಗಳಲ್ಲಿ ಹೋಗಿ ಕೇಳಿದರೆ ಸಿಗುವುದಿಲ್ಲ.

ಅದರ ಪಕ್ಕದಲ್ಲಿ ನಿಲ್ಲಬೇಕಾದ್ದು ನಿಮ್ಮ ಪ್ರಚಾರದ ಜೀವಾಳ, ಒಂದು ಪಾರದರ್ಶಕ ಪೈಪು. ಒಳವ್ಯಾಸ 50 ಮಿಲಿಮೀಟರ್, ಉದ್ದ ಒಂದೂವರೆ ಮೀಟರಿಗಿಂತ ತುಸು ಹೆಚ್ಚು. ಗೋಡೆಗೆ ನೆಟ್ಟಗೆ ಕಟ್ಟಿ, ಕೆಳಬಾಯಿಗೆ ನಿಮ್ಮ ಕೋಟಿನ ಬಟ್ಟೆಯ ತುಂಡನ್ನು ರಬ್ಬರ್ ವಾಷರ್ ಇಟ್ಟು ಹೋಸ್ ಕ್ಲಿಪ್ಪಿನಿಂದ ಬಿಗಿಯಿರಿ. ಒಂದೂವರೆ ಮೀಟರ್ ನೀರು ತುಂಬಿ, ಹತ್ತಿರ ಹತ್ತಿರ 3 ಲೀಟರ್ ಹಿಡಿಯುತ್ತದೆ. ಈಗ ಬಟ್ಟೆಯ ಮೇಲೆ 1,500 ಮಿಲಿಮೀಟರ್ ನೀರಿನ ಒತ್ತಡವಿದೆ. ಜಲನಿರೋಧಕ ಎಂದು ಕರೆಯಲು ಸಾಮಾನ್ಯವಾಗಿ ಹೇಳುವ ಕನಿಷ್ಠ ಮಟ್ಟ ಅದು. ಪ್ರಯೋಗಾಲಯದಲ್ಲಿ ಮಾಡುವುದೂ ತತ್ವದಲ್ಲಿ ಇದನ್ನೇ. ಗಿರಾಕಿ ಕೆಳಗಿನಿಂದ ಬೆರಳಿಟ್ಟು ನೋಡಲಿ. ಬಟ್ಟೆ ಹೊಟ್ಟೆಯಂತೆ ಉಬ್ಬಿರುತ್ತದೆ, ತಣ್ಣಗಿರುತ್ತದೆ, ಬೆರಳು ಮಾತ್ರ ಒಣಗಿರುತ್ತದೆ. ನೂರು ಸಲ ‘ಸೋರಲ್ಲ ಸಾರ್’ ಎಂದರೂ ಆ ಒಂದು ಸ್ಪರ್ಶಕ್ಕೆ ಸಮ ಆಗದು. ಕ್ಲಿಪ್ಪಿನ ಸುತ್ತ ನೀರು ಜಿನುಗಿದರೆ ಅದು ಬಟ್ಟೆಯ ತಪ್ಪಲ್ಲ, ಸುಕ್ಕಿನ ತಪ್ಪು. ಬಿಚ್ಚಿ ಮತ್ತೆ ಕಟ್ಟಿ.

ಆದರೆ ಕಟ್ಟುವ ತುಂಡಿನ ನಟ್ಟನಡುವೆ ಒಂದು ಹೊಲಿಗೆ ಇರಲಿ. ಬರಿಯ ಬಟ್ಟೆ ತೋರಿಸುವುದು ಪೂರ್ತಿ ಪ್ರಾಮಾಣಿಕವಲ್ಲ, ಏಕೆಂದರೆ ಸೋರುವುದು ಸೂಜಿಯ ತೂತಿನಲ್ಲಿ. ನಿಮ್ಮ ಅಪ್ಪಯ್ಯ ಹೇಳುತ್ತಿರುವುದು ಇದನ್ನೇ, ಅವರ ಮಾತು ನೂರಕ್ಕೆ ನೂರು ಸರಿ. ಇವತ್ತೇ ಘಟಕದಲ್ಲಿ ಈ ಪೈಪು ಕಟ್ಟಿ ಮೂರು ತುಂಡು ಪರೀಕ್ಷಿಸಿ: ಹೆಗಲ ಹೊಲಿಗೆ, ಪ್ಯಾಂಟಿನ ಕವಲು ಸೇರುವ ಜಾಗ, ಟೋಪಿ ಕತ್ತಿಗೆ ಸೇರುವ ಜಾಗ. ಸ್ಕೂಟರಿನಲ್ಲಿ ಕೂತವನಿಗೆ ಮೊದಲು ಒದ್ದೆಯಾಗುವುದು ಕವಲು. ಸೀಟಿನ ಗುಂಡಿಯಲ್ಲಿ ನೀರು ನಿಂತಿರುತ್ತದೆ, ಮೇಲಿಂದ ಮೈಭಾರ ಅದನ್ನು ಹೊಲಿಗೆಯೊಳಕ್ಕೆ ಒತ್ತುತ್ತದೆ. ಮೂರರಲ್ಲಿ ಒಂದು ತುಂಡು ಸೋರಿದರೂ 5 ಲಕ್ಷದಲ್ಲಿ ಮೊದಲ ಪಾಲು ಟೇಪಿಗೆ. 4,000 ಸೆಟ್ಟಿಗೆ ಹಂಚಿದರೆ ನಿಮ್ಮ ಪ್ರಚಾರದ ದುಡ್ಡು ಸೆಟ್ಟಿಗೆ 125 ರೂಪಾಯಿ. ಟೇಪಿನ ಖರ್ಚನ್ನು ಅದರ ಪಕ್ಕ ಇಟ್ಟು ನೋಡಿ. ಎಲ್ಲ ಹೊಲಿಗೆಗೂ ಆಗದಿದ್ದರೆ ಈ ಮೂರು ಜಾಗಕ್ಕಾದರೂ ಹಾಕಿಸಿ, ಚೀಟಿಯಲ್ಲಿ ಎಲ್ಲೆಲ್ಲಿ ಟೇಪ್ ಇದೆ ಎಂದು ಬರೆಯಿರಿ. ‘ನೂರಕ್ಕೆ ನೂರು ಜಲನಿರೋಧಕ’ ಎಂದು ಬರೆಯಬೇಡಿ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲಕ್ಕೇ 10 ಲಕ್ಷ ರೂಪಾಯಿವರೆಗೆ ದಂಡವಿದೆ.

ಷವರ್ ಕೆಳಗೆ ನಿಲ್ಲಿಸಿ ತೋರಿಸೋಣ ಎಂದು ಏಜೆನ್ಸಿ ಹೇಳಬಹುದು. ಗಂಟೆಗೆ 60 ಮಿಲಿಮೀಟರ್ ಜಡಿಮಳೆ ಎಂದರೆ ಒಂದು ಚದರ ಮೀಟರಿಗೆ ನಿಮಿಷಕ್ಕೆ 1 ಲೀಟರ್ ಅಷ್ಟೇ, ಬಚ್ಚಲ ಷವರ್ ಅದರ ಹಲವು ಪಟ್ಟು ಸುರಿಯುತ್ತದೆ. ಅಷ್ಟಾಗಿಯೂ ಅದು ಸ್ಕೂಟರ್ ಸವಾರನ ಮಳೆಯಲ್ಲ. 40 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಸೆಕೆಂಡಿಗೆ 11 ಮೀಟರ್ ವೇಗದ ಎದುರುಗಾಳಿ ಹನಿಗಳನ್ನು ಎದೆಯ ಜಿಪ್ಪಿಗೆ ಹೊಡೆಯುತ್ತದೆ. ಅದನ್ನು ತೋರಿಸಬೇಕೆಂದರೆ ಹಳೇ ಸ್ಕೂಟರಿನ ಸೀಟು, ಎದುರಿಗೆ ದೊಡ್ಡ ಫ್ಯಾನು, ಅದರ ಮುಂದೆ ತುಂತುರು ನಳಿಕೆ, ಗಿರಾಕಿಯ ಅಂಗಿ ಜೇಬಿಗೆ ಒಂದು ಹಾಳೆ ಟಿಶ್ಯೂ. ಮೂರು ನಿಮಿಷ ಕಳೆದು ಟಿಶ್ಯೂ ಹೊರತೆಗೆಯಿರಿ. ಫ್ಯಾನಿನ ವಿದ್ಯುತ್ ಮಾತ್ರ ಕರೆಂಟು ಸೋರಿದರೆ ತಾನೇ ನಿಲ್ಲಿಸುವ ಲೀಕೇಜ್ ಟ್ರಿಪ್ಪರ್ ಹಾಕಿದ ಸಾಲಿನಿಂದಲೇ ಬರಬೇಕು, ನೀರು–ಕರೆಂಟು ಒಟ್ಟಿಗಿರುವ ಜಾಗ ಅದು.

ಹಸೆ ಚಿತ್ತಾರದ ಯೋಚನೆ ಚೆನ್ನಾಗಿದೆ, ಆರಿಸಿದ ತಂತ್ರ ಸರಿಯಿಲ್ಲ. ನೆನೆದಾಗ ಕಾಣಿಸುವ ಶಾಯಿ ಒಣಗಿದ್ದಾಗ ಬಿಳಿಯಾಗಿ ಚಿತ್ರವನ್ನು ಮುಚ್ಚಿಕೊಂಡಿರುತ್ತದೆ, ನೀರು ಹೀರಿದಾಗ ಪಾರದರ್ಶಕವಾಗುತ್ತದೆ. ನಿಮ್ಮ ಬಟ್ಟೆಯೋ ನೀರು ಹೀರಬಾರದ ಬಟ್ಟೆ. ನೀರು ಜಾರಿಸುವ ಲೇಪನದ ಮೇಲೆ ಈ ಶಾಯಿ ಗಟ್ಟಿಯಾಗಿ ಕೂರುವುದಿಲ್ಲ, ಲೇಪನದ ಅಡಿಯಲ್ಲಿ ಹಾಕಿದರೆ ಅದಕ್ಕೆ ನೀರೇ ತಲುಪುವುದಿಲ್ಲ. ಕೂತಿತು ಎಂದೇ ಇಟ್ಟುಕೊಳ್ಳಿ, ಪುನರ್ವಸು–ಪುಷ್ಯ ಮಳೆಯಲ್ಲಿ ಕೋಟು ಒಣಗುವುದೇ ಇಲ್ಲ, ಮತ್ತೆ ಬಿಳಿಯಾಗುವುದು ಯಾವಾಗ? ಆ ಶಾಯಿಯನ್ನು ಅಂಗಡಿಯ ಹತ್ತಿ ಬಟ್ಟೆಯ ಪರದೆಗೆ ಬಳಸಿ, ಮಕ್ಕಳು ನೀರು ಚಿಮುಕಿಸಿ ಚಿತ್ರ ಬಿಡಿಸಲಿ.

ಕೋಟಿನ ಬೆನ್ನಿಗೆ ಬೆಳಕು ಮರಳಿಸುವ ಪಟ್ಟಿಯಲ್ಲೇ ಚಿತ್ತಾರ ತನ್ನಿ. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆಯುವುದು ನೇರ ಗೆರೆ, ಓರೆ ಗೆರೆ, ತ್ರಿಕೋನ. ಪ್ರತಿಫಲಿಸುವ ಫಿಲ್ಮನ್ನು ಕತ್ತರಿಸಲು ಇದಕ್ಕಿಂತ ಹೊಂದುವ ಕಲೆ ಇನ್ನೊಂದಿಲ್ಲ. ಮಳೆಯ ಕತ್ತಲಲ್ಲಿ ಹಿಂದಿನ ಲಾರಿಯ ದೀಪ ಬಿದ್ದಾಗ ಬೆನ್ನ ಮೇಲಿನ ಚಿತ್ತಾರ ಹೊಳೆಯುತ್ತದೆ, ಸವಾರನ ಜೀವ ಕಾಯುತ್ತದೆ. ಪಟ್ಟಿಯನ್ನು ಹೊಲಿಯಬೇಡಿ, ಪ್ರತಿ ಹೊಲಿಗೆಯೂ ಹೊಸ ತೂತು. ಶಾಖದಿಂದ ಅಂಟಿಸಿ, ಮೊದಲು ತುಂಡು ಬಟ್ಟೆಯ ಮೇಲೆ ಪರೀಕ್ಷಿಸಿ. ಶಾಖ ಹೆಚ್ಚಾದರೆ ಒಳಗಿನ ಲೇಪನ ಸುಕ್ಕುಗಟ್ಟುತ್ತದೆ, ಕಡಿಮೆಯಾದರೆ ಐದಾರು ಸಲ ಒಗೆಯುವಷ್ಟರಲ್ಲಿ ಅಂಚು ಏಳುತ್ತದೆ. ಚಿತ್ತಾರ ಮದುವೆ ಮನೆಯ ಮಂಗಳದ ಬರಹ. ಯಾವ ಭಾಗ ಬಳಸಬಹುದು, ಯಾವುದು ಬೇಡ ಎಂದು ಬರೆಯುವವರನ್ನೇ ಕೇಳಿ. ವಿನ್ಯಾಸಕ್ಕೆ ಒಮ್ಮೆ ಹಣ ಕೊಟ್ಟು ಮುಗಿಸದೆ ಸೆಟ್ಟಿಗೆ ಇಷ್ಟು ಎಂದು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಪ್ಯಾಂಟಿನ ಸೀಟಿನ ಭಾಗಕ್ಕೆ ಮಾತ್ರ ಹಾಕಬೇಡಿ.

ದಿನಗಳ ಲೆಕ್ಕ ಹೀಗಿಟ್ಟುಕೊಳ್ಳಿ. ಶಾಲೆ ಶುರುವಾಗುವುದು ಮೇ ಕೊನೆಗೆ, ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂಬ ಮಾತಿರುವುದೂ ಆ ಹೊತ್ತಿಗೇ. ಮೃಗಶಿರ ಮಳೆ ಜೂನ್ 7–8ಕ್ಕೆ, ಆರಿದ್ರಾ 21–22ಕ್ಕೆ. ಮೇ 15ರೊಳಗೆ ಪೈಪು, ಗೊರಬು ಅಂಗಡಿಯಲ್ಲಿರಬೇಕು. ಹತ್ತು ಅಂಗಡಿಗಳಲ್ಲಿ ಐದಕ್ಕೆ ಪೈಪು ಕೊಟ್ಟು, ಅದೇ ಗಾತ್ರದ ಇನ್ನೈದಕ್ಕೆ ಬರೀ ಪೋಸ್ಟರ್ ಕೊಡಿ. ಆರಿದ್ರಾ ಹುಟ್ಟುವವರೆಗೆ ಪ್ರತಿ ಅಂಗಡಿಯ ಮಾರಾಟವನ್ನೂ, ವಾಪಸು ಬಂದ ಕೋಟು ಎಲ್ಲಿ ಸೋರಿತು ಎಂಬುದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಉಳಿದ ದುಡ್ಡನ್ನು ಎಲ್ಲಿ ಹಾಕಬೇಕೆಂದು ಆ ನೋಟ್‌ಬುಕ್ಕನ್ನು ಅಪ್ಪಯ್ಯನ ಜೊತೆ ಕೂತು ನೋಡಿ ತೀರ್ಮಾನಿಸಿ.